ಹಿತ್ತಲ ಹೊಂಡಕ್ಕೆ ಹಾಕಿದ ಹಾಸು

ಕಾಲುವೆಯಲ್ಲಿ ಕೆಲಸ ಮಾಡುವವನ ಮನೆಯಲ್ಲಿ ನೀರಿನದೊಂದು ರಗಳೆ ಇದ್ದೇ ಇರುತ್ತದೆ. ನಮ್ಮಲ್ಲಂತೂ ಅದಕ್ಕೆ ಬಿಡುವೇ ಇರಲಿಲ್ಲ. ಹೊಸಪೇಟೆಯಲ್ಲಿ ನಾನು ಕಾಲುವೆಗೆ ಲೈನಿಂಗ್ ಹಾಕಿಸುವ ಇನ್ಸ್‌ಪೆಕ್ಟರ್. ನೀರು ಸೋರದಂತೆ ತಳಕ್ಕೂ ದಂಡೆಗೂ ಹಾಸು ಹಾಕಿಸುವುದೇ ನನ್ನ ಅನ್ನ. ಹೆಂಡತಿ ಕಂಪ್ಲಿಯ ತವರಿನಿಂದ ತಾವರೆ ಗೆಡ್ಡೆ ತಂದು ಬಕೀಟಿನಲ್ಲಿ ಇಟ್ಟುಕೊಂಡಿದ್ದಳು. “ಹಿತ್ತಲದಾಗ ಒಂದು ಹೊಂಡ ಮಾಡಿಕೊಡ್ರಿ. ಕಣ್ಣ ಮುಂದ ಒಂದ ಹೂವು ಅರಳಿದ್ರ ಸಾಕು” ಅಂದಳು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹೊಂಡ ತೋಡಿಸಿದೆ. ತಳಕ್ಕೆ ಏನು ಹಾಸಬೇಕು ಅನ್ನುವಲ್ಲಿಂದ ನನ್ನ ಮಾನ ಹರಾಜಿಗೆ ಬಿತ್ತು.

೧. ಎರೆಮಣ್ಣು

ಮೊದಲು ಬಂದವರು ಮಾವ. “ನಮ್ಮ ಗದ್ಯಾಗ ನೀರು ನಿಂತಿಲ್ಲೇನು? ಎರೆಮಣ್ಣು ಹಾಕಿ ತುಳಿಸ್ರಿ” ಎಂದು ಕಂಪ್ಲಿಯಿಂದ ಮಣ್ಣು ತರಿಸಿದರು. ತುಳಿಯುವುದಕ್ಕೆ ನೆರೆಯವರ ಎಮ್ಮೆಗಳನ್ನು ಇಳಿಸಿದರು. ತುಳಿದು ಮುಗಿದರೂ ಎಮ್ಮೆಗಳು ಮೇಲೇಳಲಿಲ್ಲ. ಹೊಸಪೇಟೆಯ ಬಿಸಿಲಲ್ಲಿ ಅಂಥ ತಂಪು ಜಾಗ ಅವಕ್ಕೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಕಡೆಗೆ ಮಾವನೇ ಇಳಿದು, ಬಾಲ ಹಿಡಿದು ಜಗ್ಗಿ, ತಾವೇ ಕೆಸರಲ್ಲಿ ಕುಳಿತರು.

ಬೇಸಿಗೆಯಲ್ಲಿ ನಲ್ಲಿ ನೀರು ಕೈಕೊಟ್ಟು ಹೊಂಡ ಒಣಗಿತು. ಮಣ್ಣು ಕೈ ತೂರುವಷ್ಟು ಬಿರಿಯಿತು. ಆಮೇಲೆ ಎಷ್ಟು ಸುರಿದರೂ ನೀರು ಆ ಬಿರುಕುಗಳಲ್ಲೇ ಮಾಯ. ಗೋಡೆಯಾಚೆಯ ರಿಟೈರಾದ ಮೇಷ್ಟ್ರು ಮಾತ್ರ ನನಗೆ ಧೈರ್ಯ ಹೇಳುತ್ತಿದ್ದರು: “ಬಿಡಬ್ಯಾಡ್ರಿ. ಮತ್ತ ತುಂಬ್ರಿ.”

ಮಾವ ಬಿರುಕಿಗೆ ಕೈ ಹಾಕಿ ನೋಡಿ ಹೇಳಿದರು: “ಮಣ್ಣಿಂದೇನೂ ತಪ್ಪಿಲ್ಲ. ಅದಕ್ಕ ನಿಮ್ಮೂರ ನೀರು ಹಿಡಿಸಿಲ್ಲ.”

೨. ಸಿಮೆಂಟು

ನಮ್ಮ ಸಾಹೇಬರಿಗೆ ಇದು ಗೊತ್ತಾಗಿ, ನಗುತ್ತಾ ಮನೆಗೇ ಬಂದರು. “ಕಾಲುವಿಗೆ ಸಿಮೆಂಟ್ ಹಾಕಸಾಂವ ಮನ್ಯಾಗ ಮಣ್ಣು ಹಾಕ್ತಿಯೇನಲೇ?” ಕಾಲುವೆಯಲ್ಲಿ ದುಡಿಯುವ ಗೌಂಡಿಯನ್ನೇ ಕರೆಸಿ ಗಿಲಾವು ಮಾಡಿಸಿದೆ. ಸಾಹೇಬರು ಕೋಲಿನಿಂದ ಕುಟ್ಟಿ ನೋಡಿ, “ನಮ್ಮ ಕಾಲುವಿಗಿಂತ ಗಟ್ಟಿ ಐತಿ” ಎಂದು ಚಹಾ ಕುಡಿದು ಹೋದರು.

ಒಣಗಿದ ಮೇಲೆ ಒಂದು ಸಂಜೆ ತುಂಬಿಸಿದ ನೀರು ಬೆಳಿಗ್ಗೆ ಹೊಂಡದಲ್ಲಿ ಇರಲಿಲ್ಲ. ತಳದಲ್ಲಿ ಕೂದಲೆಳೆಯಂಥ ಸೀಳುಗಳಿದ್ದವು. ಮೇಷ್ಟ್ರು ಗೋಡೆಯ ಮೇಲಿಂದ ಇಣುಕಿ, “ಮತ್ತ ತುಂಬ್ರಿ, ಕುಡಿದು ಕುಡಿದು ಸಿಮೆಂಟು ಬಿಗೀತದ” ಅಂದರು. ತುಂಬಿ ತುಂಬಿ ನನ್ನ ರಟ್ಟೆ ಬಿದ್ದುಹೋಯಿತು. ಆಫೀಸಿಗೆ ಹೋಗಿ ಸಾಹೇಬರ ಮುಂದೆ ನಿಂತು, ಅದೇ ಸಿಮೆಂಟು, ಅದೇ ಗೌಂಡಿ, ಆದರೂ ಹಿಂಗ್ಯಾಕಾಯ್ತು ಸಾರ್ ಅಂತ ಕೇಳಿದೆ.

ಸಾಹೇಬರು ತಲೆ ಕೂಡ ಎತ್ತಲಿಲ್ಲ. “ಕಾಲುವ್ಯಾಗ ನೀರು ಓಡ್ತಿರತದ, ಸೋರಿದ್ದು ಯಾರಿಗೂ ತಿಳಿಯಂಗಿಲ್ಲ. ನಿಂದು ನಿಂತ ನೀರು. ಅದಕ್ಕ ಸಿಕ್ಕಿಬಿತ್ತು.”

೩. ತಾಡಪತ್ರಿ

ಸಂಡೂರಿನ ಅದಿರು ಲಾರಿ ಓಡಿಸುವ ನಮ್ಮ ಓಣಿಯವನೊಬ್ಬ ಅದಿರಿನ ಮೇಲೆ ಹೊದಿಸುವ ಹಳೆಯ ತಾಡಪತ್ರಿ ತಂದು ಹಾಸಿಕೊಟ್ಟ. “ಮಳಿ ಒಳಗ ಬಿಡದಿದ್ದದ್ದು ನೀರು ಹೊರಗ ಬಿಡ್ತೈತೇನ್ರಿ?” ಅಂದ. ಮಾತು ಸರಿಯಾಗಿಯೇ ಇತ್ತು. ನೀರು ಬಿಟ್ಟ ಗಳಿಗೆಯಲ್ಲಿ ಅದಿರಿನ ಧೂಳೆಲ್ಲ ಎದ್ದು ಹೊಂಡ ಕೆಂಪಾಯಿತು. ಓಣಿಯ ಹುಡುಗರು ಓಕುಳಿ ಅಂದುಕೊಂಡು ಬೊಗಸೆಯಲ್ಲಿ ಎರಚಾಡಿ, ನಮ್ಮ ಗೋಡೆ, ನನ್ನ ಬಿಳಿ ಪಂಚೆ ಎಲ್ಲಾ ಕೆಂಪು ಮಾಡಿದರು.

ತಾಡಪತ್ರಿ ಮಡಿಚಿದ್ದಲ್ಲೆಲ್ಲ ತೂತು ಬಿದ್ದು ಜರಡಿಯಾಗಿದೆ ಅಂತ ಗೊತ್ತಾಗುವ ಹೊತ್ತಿಗೆ ನೀರು ಹೋಗಿತ್ತು. ಬಣ್ಣ ಮಾತ್ರ ಇಂದಿಗೂ ಇದೆ.

೪. ಕರಿ ಪ್ಲಾಸ್ಟಿಕ್ಕು

ಕಡೆಗೆ ದಪ್ಪನೆಯ ಕರಿ ಪ್ಲಾಸ್ಟಿಕ್ ಹಾಸಿದೆ. ನೀರು ನಿಂತಿತು! ಹೆಂಡತಿ ಗೆಡ್ಡೆ ನೆಟ್ಟಳು. ಎಲೆ ಬಂತು, ಆಮೇಲೆ ಒಂದು ಮೊಗ್ಗು. ಅವಳು ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅದನ್ನು ನೋಡಿ ಬರುತ್ತಿದ್ದಳು.

ಆಗ ಮೇಷ್ಟ್ರು ಗೋಡೆ ಬಿಟ್ಟು ಬಾಗಿಲಿಗೇ ಬಂದರು, ಓಣಿಯ ಹಿರಿಯರನ್ನು ಕರಕೊಂಡು. “ನಮ್ಮ ತೆಂಗಿನ ಮರ ಎಳೀ ಹರಳುಗಾಯಿ ಉದುರಸಾಕತ್ತೈತ್ರಿ. ಇಷ್ಟು ದಿನ ಇವರ ಹೊಂಡದಿಂದ ಸೋರಿದ ಬಸಿನೀರು ಕುಡದು ಕಾಯಿ ಹಿಡದಿತ್ತು. ಈಗ ಒಮ್ಮಿಗೇ ಬಂದ್ ಮಾಡ್ಯಾರ.” ‘ಮತ್ತ ತುಂಬ್ರಿ’ ಅನ್ನುತ್ತಿದ್ದ ಆ ಧೈರ್ಯದ ಬೇರು ಎಲ್ಲಿತ್ತು ಅಂತ ನನಗೆ ಅವತ್ತು ತಿಳಿಯಿತು.

ಹಿರಿಯರೆಲ್ಲ ಕಾಲುವೆ ಕೆಳಗೆ ಹೊಲ ಇದ್ದವರು. ನಾನು ಲೈನಿಂಗ್ ಹಾಕಿಸಿದಾಗಲೆಲ್ಲ, ಬಸಿನೀರು ನಿಲ್ಲಿಸಿದ ಪಾಪಿ ಅಂತ ನನ್ನನ್ನು ಬೈದವರು. ಅವರಿಗೆ ತೀರ್ಪು ಹೇಳಲು ಯೋಚನೆ ಬೇಕಾಗಲಿಲ್ಲ. “ಸೋರೋದು ರೂಢಿ ಆಗೇತಿ. ರೂಢಿ ತಪ್ಪಸಬ್ಯಾಡ್ರಿ. ಒಂದು ಸಣ್ಣ ತೂತು ಹಾಕ್ರಿ.”

ಮಗಳ ಮೊಗ್ಗು ನೋಡಲು ಬಂದು ಅಲ್ಲೇ ಕೂತಿದ್ದ ಮಾವನನ್ನು ಆಸೆಯಿಂದ ನೋಡಿದೆ. “ನನ್ನ ಬಾವಿ ತುಂಬೋದೂ ಕಾಲುವಿ ಬಸಿನೀರಿಂದನ” ಅಂದರು. “ಮಗಳ ಹೂವು ಬ್ಯಾರೆ, ನ್ಯಾಯ ಬ್ಯಾರೆ.”

ಜನ್ಮವೆಲ್ಲ ಸೋರಿಕೆ ನಿಲ್ಲಿಸಿದ ಕೈಗೆ ಹಾರೆ ಕೊಟ್ಟರು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮುಖ ನೋಡುತ್ತಿದ್ದಳು. ಆದರೂ ಚುಚ್ಚಿದೆ. ಹೊಂಡದ ಪ್ಲಾಸ್ಟಿಕ್ಕಿಗೆ ಸಣ್ಣ ತೂತು ಅಂತ ಇರುವುದಿಲ್ಲ. ಪರ್ ಅಂತ ಸೀಳಿತು. ಬೆಳಗಾಗುವಷ್ಟರಲ್ಲಿ ಮೊಗ್ಗು ಕೆಸರಿನಲ್ಲಿ ಮಲಗಿತ್ತು.

ಎದ್ದು ಬಾಗಿಲು ತೆಗೆದರೆ ಮೇಷ್ಟ್ರು ಮಿಂದು ಮಡಿಯುಟ್ಟು ನಿಂತಿದ್ದರು, ಕೈಯಲ್ಲಿ ತೆಂಗಿನಕಾಯಿ. ನನ್ನ ಹೆಂಡತಿಯ ಕೈಗೆ ಅದನ್ನು ಕೊಟ್ಟು ಭಾಳ ಪ್ರೀತಿಯಿಂದ ಕೇಳಿದರು:

“ಇವತ್ತು ಪೂಜಿ ಐತಮ್ಮ. ಆ ತಾವರಿ ಅರಳಿದ್ರ ಹರಕೊಂಡು ಬಾರವ್ವ.”