ಚೈನ್ ಕಟರೂ ನನ್ನ ಪದವಿಯೂ

“ನಮ್ಮ ವಂಶದಾಗೆ ಡಿಗ್ರಿನಾ? ತೆಂಗಿನ ಮರದಾಗೆ ಹಲಸಿನಣ್ಣು ಬಿಟ್ಟಾಗ ನೋಡಾನ ಬಿಡು” ಎಂದು ಹೇಳಿದವರು ನಮ್ಮ ದೊಡ್ಡಪ್ಪ ಸಿದ್ಧಪ್ಪನವರು. ಹೇಳಿದ್ದು ಮನೆಯೊಳಗಲ್ಲ, ಗಂಡಸಿ ಊರಿನ ಹೋಟೆಲಿನಲ್ಲಿ, ಹತ್ತು ಜನ ಕಾಫಿ ಕುಡಿಯುತ್ತಿದ್ದಾಗ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೂರು ವರ್ಷದ ಬಿ.ಎ.ಯನ್ನು ಐದು ವರ್ಷ ಓದಿದವಳು ಯಾರ ಮೇಲೆ ತಾನೆ ಸಿಟ್ಟಾಗಬಲ್ಲಳು? ಇಂಗ್ಲಿಷ್ ಪೇಪರು ನನ್ನನ್ನು ಎರಡು ಸಲ ಹೊಸ್ತಿಲಿಂದಲೇ ವಾಪಸ್ ಕಳಿಸಿತು. ಮೂರನೆಯ ಸಲ, ಇವಳ ಕಾಟ ಸಾಕು ಎಂದೋ ಏನೋ, ಒಳಗೆ ಬಿಟ್ಟುಕೊಂಡಿತು. ಮೊಬೈಲಿನಲ್ಲಿ ಫಲಿತಾಂಶ ತೋರಿಸಿದರೆ ದೊಡ್ಡಪ್ಪ ಕಣ್ಣು ಕಿರಿದು ಮಾಡಿಕೊಂಡು, “ಮೊಬೈಲ್ನಾಗೆ ಏನ್ ಬೇಕಾದ್ರೂ ಬತ್ತದೆ ಕಣೇ. ಕಾಲೇಜ್ನೋರು ನಿನ್ ಕೈಗೆ ಕಾಗದ ಕೊಡೋದ ನಾನು ಕಣ್ಣಾರೆ ಕಾಣ್ಬೇಕು. ಆಗ ಒಪ್ಕತೀನಿ” ಎಂದುಬಿಟ್ಟರು. ಇಡೀ ಊರು ಒಪ್ಪಿದರೂ ಅವರೊಬ್ಬರು ಒಪ್ಪದೆ ನನಗೆ ಆ ಡಿಗ್ರಿ ಉಪ್ಪಿಲ್ಲದ ಮುದ್ದೆಯಂತೆ ಕಾಣತೊಡಗಿತು. ಅರಸೀಕೆರೆಯ ಕಾಲೇಜಿನಲ್ಲಿ ಪದವಿ ಪ್ರದಾನಕ್ಕೆ ದಿನ ಗೊತ್ತಾದ ಕೂಡಲೇ, ಏನಾದರಾಗಲಿ ಇವರನ್ನು ಮುಂದಿನ ಸಾಲಿನಲ್ಲೇ ಕೂರಿಸಬೇಕು ಎಂದು ತೀರ್ಮಾನ ಮಾಡಿದೆ.

ಇಲ್ಲಿ ನಮ್ಮ ಮನೆಯ ಸುತ್ತಿಗೆಯ ವಿಷಯ ಹೇಳಲೇಬೇಕು. ನಮ್ಮಲ್ಲಿ ಎಲ್ಲ ರೋಗಕ್ಕೂ ಅದೇ ಮದ್ದು. ಬಾಗಿಲ ಚಿಲಕ ಬಿಗಿಯಾದರೆ ಸುತ್ತಿಗೆ, ಪಂಪ್‌ಸೆಟ್ಟಿನ ಸ್ವಿಚ್ಚು ಮುನಿದರೆ ಸುತ್ತಿಗೆ. ತೆಂಗಿನಕಾಯಿ ಚೀಲ ಹೊತ್ತು ಹೊತ್ತು ಸೊರಗಿದ ನಮ್ಮ ಮೊಪೆಡ್ಡಿನ ಚೈನು ಜೋಲುಬಿದ್ದಾಗಲೂ ದೊಡ್ಡಪ್ಪ ಅದನ್ನು ಕಲ್ಲಿನ ಮೇಲಿಟ್ಟು, ಮೊಳೆ ಹಿಡಿದು, ಸುತ್ತಿಗೆಯಿಂದಲೇ ಕೊಂಡಿ ಬಿಚ್ಚುತ್ತಿದ್ದರು. ಒಂದು ದಿನ ಆ ಮೊಳೆ ಹಾರಿ ಕೊಟ್ಟಿಗೆಯಲ್ಲಿದ್ದ ಹಸುವಿನ ಕಿವಿಯ ಪಕ್ಕದಲ್ಲೇ ಹೋಯಿತು. ಹಸು ಸಂಜೆ ಹಾಲು ಕೊಡಲಿಲ್ಲ. ವಿದ್ಯಾವಂತೆಯಾಗಿ ಸುಮ್ಮನಿರಲಾಗದೆ ಮಾರನೆಯ ದಿನವೇ ಅರಸೀಕೆರೆಯ ಬಿಡಿಭಾಗದ ಅಂಗಡಿಯಿಂದ ಚೈನ್ ಕಟರ್ ತಂದೆ. ಹೆಸರು ಕಟರ್ ಆದರೂ ಅದು ಏನನ್ನೂ ಕತ್ತರಿಸುವುದಿಲ್ಲ. ಅಂಗೈಯಗಲದ ಕಬ್ಬಿಣದ ಚೌಕಟ್ಟು. ಒಂದು ಕಡೆ ಚೈನು ಕೂರಿಸಲು ಜಾಗ, ಇನ್ನೊಂದು ಕಡೆ ತಿರುಗಿಸುವ ಹಿಡಿ. ತಿರುಗಿಸುತ್ತ ಹೋದರೆ ಸೂಜಿಯಂಥ ಮೊನೆ ಮುಂದೆ ಬಂದು, ಕೊಂಡಿಗಳನ್ನು ಹಿಡಿದಿರುವ ಅಕ್ಕಿಕಾಳಿನಷ್ಟು ಪಿನ್ನನ್ನು ಮೆಲ್ಲಗೆ ತಳ್ಳುತ್ತದೆ. ಆಮೇಲೆ ಅದರಿಂದಲೇ ಪಿನ್ನನ್ನು ಮತ್ತೆ ಒಳಕ್ಕೂ ಕೂರಿಸಬಹುದು. ಏಟಿಲ್ಲ, ಸದ್ದಿಲ್ಲ, ಹಸುವಿಗೂ ಭಯವಿಲ್ಲ. ದೊಡ್ಡಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹಳೇಬೀಡು ಕಟ್ಟಿದೋರತ್ರ ಇದ್ದಿದ್ದು ಸುತ್ತಿಗೆ, ಉಳಿ. ಅಷ್ಟೇಯ. ಅದೇನ್ ಬಿದ್ದೋಗೈತಾ?” ಎಂದರು. ನಾನು ಕಟರನ್ನು ಅದರ ಕಾಗದದ ಸಮೇತ ಮೊಪೆಡ್ಡಿನ ಸೀಟಿನ ಕೆಳಗೆ ತುರುಕಿಟ್ಟೆ.

ಸಮಾರಂಭದ ದಿನ ಅಪ್ಪ ಅಮ್ಮ ಬೆಳಗಿನ ಬಸ್ಸಿಗೇ ಹೋದರು. ದೊಡ್ಡಪ್ಪ ಪಂಚೆಯ ನಿರಿಗೆ ಸರಿಮಾಡಿಕೊಳ್ಳುವಷ್ಟರಲ್ಲಿ ಬಸ್ಸು ತಪ್ಪಿತು. ಅವರನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟೆ. ಅರಸೀಕೆರೆ ಇನ್ನೂ ದೂರವಿದ್ದಾಗ, ಒಂದು ತೆಂಗಿನ ತೋಟದ ಪಕ್ಕ, ಖಳಕ್ಕೆಂದು ಚೈನು ಹರಿದು ರಸ್ತೆಯ ಮೇಲೆ ಸತ್ತ ಹಾವಿನಂತೆ ಬಿತ್ತು. ಹನ್ನೊಂದಕ್ಕೆ ಸಮಾರಂಭ, ಆಗ ಗಂಟೆ ಹತ್ತಾಗಿತ್ತು.

ಆ ದಾರಿಯಲ್ಲಿ ಬಂದ ದೊಡ್ಡಪ್ಪನ ಗೆಳೆಯರೊಬ್ಬರು ಬೈಕು ನಿಲ್ಲಿಸಿ, “ಏನ್ಲಾ ಸಿದ್ದ, ಮದ್ವೆ ಗಂಡಿನಂಗೆ ರೆಡಿಯಾಗಿ ರಸ್ತೇಲಿ ಕುಂತಿದೀಯ?” ಎಂದರು. ಅವರ ಬೈಕಿನ ಹಿಂದೆ ಹಿಂಡಿ ಮೂಟೆಯಿತ್ತು. ಒಬ್ಬರನ್ನು ಹೇಗೋ ಕೂರಿಸಿಕೊಳ್ಳಬಲ್ಲರು. ನಾನು ಹೋದರೆ ನೋಡಬೇಕಾದವರು ಇಲ್ಲೇ ಉಳಿಯುತ್ತಾರೆ. ದೊಡ್ಡಪ್ಪ ಹೋದರೆ ನೋಡುವುದಕ್ಕೇ ಏನೂ ಇರುವುದಿಲ್ಲ. “ನೀನು ಹೋಗೇ” ಎಂದರು ದೊಡ್ಡಪ್ಪ. “ನೀವು ಇಲ್ದೆ ನಾನು ಹೋಗಲ್ಲ ದೊಡ್ಡಪ್ಪ” ಎಂದೆ. ಗೆಳೆಯರು ನಮ್ಮಿಬ್ಬರ ಮುಖ ನೋಡಿ, “ನಿಮ್ ನ್ಯಾಯ ತೀರಾಕಿಲ್ಲ ಕಣ್ರಪ್ಪ, ನಂಗೆ ಹಸಾ ಕಾಯ್ತಾ ಐತೆ” ಎಂದು ಹೊರಟೇಹೋದರು.

ನಾನು ಸೀಟಿನ ಕೆಳಗಿನಿಂದ ಕಟರ್ ತೆಗೆದೆ, ಅದರ ಜೊತೆಗಿದ್ದ ಕಾಗದವನ್ನೂ ಬಿಡಿಸಿದೆ. ಇಂಗ್ಲಿಷಿನಲ್ಲಿತ್ತು. ಇಂಥ ಅವಕಾಶ ಬದುಕಿನಲ್ಲಿ ಎಷ್ಟು ಸಲ ಬಂದೀತು? ದೊಡ್ಡಪ್ಪನಿಗೆ ಕೇಳಲೆಂದೇ ಗಟ್ಟಿಯಾಗಿ ಓದಿ, ಸಾಲು ಸಾಲಿಗೂ ಅರ್ಥ ಹೇಳಿದೆ. ಹರಿದ ಕೊಂಡಿಯನ್ನು ತೆಗೆಯಲು ಅದರ ಪಕ್ಕದ ಪಿನ್ನನ್ನು ಮೊನೆಗೆ ಎದುರಿಟ್ಟು ಹಿಡಿ ತಿರುಗಿಸಿದೆ. ಪಿನ್ನು ಬೆಣ್ಣೆಯಲ್ಲಿ ಜಾರಿದಂತೆ ಹೊರಬಂದು ಟಣ್ಣೆಂದು ನೆಲಕ್ಕೆ ಬಿತ್ತು. “ನೋಡಿದ್ರಾ?” ಎಂದೆ. ಅದನ್ನು ಹೆಕ್ಕಿ ವಾಪಸ್ ಕೂರಿಸಲು ಹೋದರೆ ಅದು ಕೂರಲೊಲ್ಲದು. ಹತ್ತು ನಿಮಿಷ ಬೆವರಿದೆ. ಕೈ ಮಸಿಯಾಯಿತೇ ಹೊರತು ಪಿನ್ನು ತೂತಿನ ಕಡೆ ತಿರುಗಿಯೂ ನೋಡಲಿಲ್ಲ.

ದೊಡ್ಡಪ್ಪ ಕಾಗದ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. “ಇದ್ರ ಬೆನ್ನಿಗೂ ಏನೋ ಬರ್ದವ್ರಲ್ಲೇ?”

ಬರೆದಿದ್ದರು. ‘ಪಿನ್ನನ್ನು ಪೂರ್ತಿ ಹೊರಗೆ ತಳ್ಳಬೇಡಿ, ಅಂಚಿನಲ್ಲಿ ಸಿಕ್ಕಿಕೊಂಡಿರುವ ಹಾಗೆ ನಿಲ್ಲಿಸಿ’ ಎಂಬುದು ಹಿಂಬದಿಯ ಮೊದಲನೆಯ ಸಾಲು. ಐದು ವರ್ಷ ಪರೀಕ್ಷೆಗೆ ಓದಿದ ಅಭ್ಯಾಸ ನೋಡಿ, ಪಾಸಾಗುವಷ್ಟು ಓದಿ ಪುಸ್ತಕ ಮಡಚಿಡುವವಳು ನಾನು. ಒಂದು ಅಕ್ಷರ ಓದಲು ಬಾರದ ಮನುಷ್ಯ ಪಕ್ಕದ ಚಿತ್ರದ ಮೇಲೆ ಬೆರಳಿಟ್ಟು, “ಇಲ್ನೋಡು, ಮೂತಿ ಇನ್ನೂ ಒಳಗೇ ಐತೆ. ನೀನು ಮಗೀನ ಮನೆಯಿಂದ್ಲೇ ಆಚೆಗೆ ಹಾಕ್ಬಿಟ್ಟೆ” ಎಂದರು. ನಾನು ಅಳುವುದೊಂದು ಬಾಕಿ. ಅವರು ಪಂಚೆ ಎತ್ತಿಕಟ್ಟಿ ಧೂಳಿನಲ್ಲೇ ಕುಳಿತರು. “ಹೋಗ್ಲಿ ಬಿಡು ಮಗ. ಚೈನು ಹೆಂಗೂ ಜೋಲುಬಿದ್ದೈತೆ, ಇನ್ನೊಂದು ಜೋಡಿ ಕೊಂಡಿ ಹೋದ್ರೆ ಹೋಯ್ತದೆ. ನೀನು ಪೂರ್ತಿ ಓದು, ನಾನು ತಿರುಗಿಸ್ತೀನಿ.”

ನಾನು ಓದಿದೆ, ಹಿಂದೆಯೂ ಮುಂದೆಯೂ. ಅವರು ಉಸಿರು ಬಿಗಿಹಿಡಿದು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದರು. ಈ ಸಲದ ಪಿನ್ನು ಅಂಚಿನಲ್ಲೇ ನಿಂತಿತು. ಎರಡು ತುದಿ ಸೇರಿಸಿ ನಾನು ಹಿಡಿದುಕೊಂಡೆ, ಅವರು ಪಿನ್ನನ್ನು ಒಳಕ್ಕೆ ಕೂರಿಸಿದರು. ಹಿಂದಿನ ಚಕ್ರವನ್ನು ಚೂರು ಮುಂದಕ್ಕೆಳೆದು ನಟ್ಟು ಬಿಗಿದೆವು. ಎದ್ದು ನಿಂತ ದೊಡ್ಡಪ್ಪ ಕಟರನ್ನು ಒಮ್ಮೆ ನೋಡಿ, “ವಸಿ ಪರವಾಗಿಲ್ಲ ಇದು” ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕಾಲೇಜು ಮುಟ್ಟಿದಾಗ ಹೆಸರು ಕರೆಯಲು ಶುರುವಾಗಿತ್ತು. ಕೈಯನ್ನು ಹುಲ್ಲಿಗೆ ಒರೆಸಿ, ನಲ್ಲಿಯಲ್ಲಿ ತಿಕ್ಕಿ, ಯಾರೋ ತೊಡಿಸಿದ ಕಪ್ಪು ನಿಲುವಂಗಿಯೊಳಗೆ ಬಚ್ಚಿಟ್ಟುಕೊಂಡೇ ವೇದಿಕೆ ಹತ್ತಿದೆ. ಅತಿಥಿಗಳು ನಗುತ್ತಾ ಪ್ರಮಾಣಪತ್ರ ನೀಡಿದರು. ಕೈ ಹೊರಗೆ ಚಾಚದೆ ವಿಧಿಯಿರಲಿಲ್ಲ. ತೆಗೆದುಕೊಂಡೆ. ಮುಂದಿನ ಸಾಲಿನಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ದೊಡ್ಡಪ್ಪ, ರೆಪ್ಪೆ ಬಡಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂಬಂತೆ ನೋಡುತ್ತಿದ್ದರು.

ಕೆಳಗಿಳಿದು ಪ್ರಮಾಣಪತ್ರವನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿಂದ ಕೆಳಗಿನವರೆಗೆ ನೋಡಿದರು. ನನ್ನ ಹೆಸರಿನ ಪಕ್ಕದಲ್ಲೇ ಗ್ರೀಸಿನ ಕಪ್ಪು ಗುರುತೊಂದು ರೇಖೆ ರೇಖೆಯಾಗಿ, ಅಚ್ಚುಕಟ್ಟಾಗಿ ಮೂಡಿತ್ತು. ಅವರು ಅದನ್ನು ಅಪ್ಪನಿಗೆ ತೋರಿಸಿ, ಮತ್ತೆ ನನ್ನ ಕಡೆ ತಿರುಗಿ, “ಒಪ್ಕಂಡೆ ಕಣೇ, ಡಿಗ್ರಿ ನಮ್ಮನೇದೇಯ. ನಿಮ್ಮ ತಾತನಿಂದ ಹಿಡ್ದು ನನ್ಗಂಟ ಎಲ್ಲಾ ಕಾಗದಕ್ಕೂ ಒತ್ತಿದ್ದು ಇದೇ ಹೆಬ್ಬೆಟ್ಟು” ಎಂದರು.