ಮೂರು ಬದಲಾವಣೆ ಕಡ್ಡಾಯ

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಲೈವ್ ಪೆಂಗೆಲಿ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದು ಖಾಲಿ ಕಾರ್ಡನ್ನು ದಿಟ್ಟಿಸುತ್ತಿದ್ದ. ಕಾರ್ಡೂ ಅವನನ್ನು ದಿಟ್ಟಿಸುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಪೋರ್ಟ್ ಮೆರ್ಟನ್ ಅಚ್ಚುಕಾರ್ಡು ಕ್ಲಬ್ಬಿನ ಸಭೆ. ರಬ್ಬರ್ ಅಚ್ಚು ಒತ್ತಿ, ಕತ್ತರಿಸಿ, ಅಂಟಿಸಿ ಕೈಯಾರೆ ಮಾಡಿದ ಕಾರ್ಡೊಂದನ್ನು ಪ್ರತಿಯೊಬ್ಬ ಸದಸ್ಯರೂ ತರಲೇಬೇಕು. ಕ್ಲೈವನ ತಲೆ ಮಾತ್ರ ಯಾರಿಗೂ ಹೇಳದೆ ರಜೆ ಹಾಕಿತ್ತು.

ಹಾಗೆ ನೋಡಿದರೆ ಕ್ಲಬ್ಬಿನ ನಿಯಮ ಉದಾರವಾಗಿಯೇ ಇತ್ತು. ಯಾರ ಕಾರ್ಡನ್ನು ನೋಡಿಕೊಂಡಾದರೂ ಮಾಡಬಹುದು, ಅದಕ್ಕೆ ನಾಚಬೇಕಾಗಿಲ್ಲ. ಆದರೆ ಮೂರು ಬದಲಾವಣೆ ಕಡ್ಡಾಯ, ಮತ್ತು ಯಾರ ಕಾರ್ಡಿನಿಂದ ಎತ್ತಿಕೊಂಡದ್ದೋ ಅವರ ಹೆಸರನ್ನು ಕಾರ್ಡಿನ ಬೆನ್ನಿಗೆ ಬರೆಯಬೇಕು. ಕ್ಲೈವ್ ಈಗಾಗಲೇ ಎರಡು ಸಲ ಸಿಕ್ಕಿಬಿದ್ದಿದ್ದ. ಮಾರ್ಚಿನಲ್ಲಿ ಬೆರಿಲ್ ರೋಸ್‌ವಾರ್ನಳ ಮೊಲದ ಕಾರ್ಡನ್ನು ನೋಡಿ ಮಾಡಿ, ಮೊಲದ ಬಣ್ಣವೊಂದನ್ನೇ ಬದಲಿಸಿದ್ದ. ತುಂಬಿದ ಸಭೆಯಲ್ಲಿ ಬೆರಿಲ್ ಅವನನ್ನು "ಜೆರಾಕ್ಸ್ ಅಂಗಡಿ" ಎಂದಳು. ಅಂದಿನಿಂದ ಅವನು ಅವಳ ಹೊಸಲು ತುಳಿದಿಲ್ಲ. ಜುಲೈನಲ್ಲಿ ಮತ್ತೊಬ್ಬರ ಕಾರ್ಡಿಗೆ ಎರಡೇ ಬದಲಾವಣೆ ಮಾಡಿದ್ದ. ಮೂರನೆಯ ಸಲ ತಪ್ಪಿದರೆ ಕುರ್ಚಿ ಹೋಗುತ್ತದೆ. ಇರುವುದೇ ಹನ್ನೆರಡು ಕುರ್ಚಿ. ಕಾಯುವವರ ಪಟ್ಟಿಯಲ್ಲಿ ನಾಲ್ವರು ಬಾಯಿ ತೆರೆದುಕೊಂಡು ನಿಂತಿದ್ದರು.

ಮೂವತ್ತೊಂದು ವರ್ಷ ಅವನು ಶಾಲೆಯ ಬಸ್ಸು ಓಡಿಸಿದವನು. ಅಷ್ಟು ವರ್ಷವೂ ಊರಿನವರು ಕಂಡದ್ದು ಅವನ ತಲೆಯ ಹಿಂಭಾಗವನ್ನು. ಗುರುವಾರದ ಮೇಜಿನಲ್ಲಿ ಮಾತ್ರ ಜನ ಅವನ ಕೈಯಲ್ಲಿರುವುದನ್ನು ನೋಡಿ "ಓಹೋ" ಎನ್ನುತ್ತಿದ್ದರು. ಆ ಕುರ್ಚಿ ಹೋದರೆ ಅವನಿಗೆ ನಿಜಕ್ಕೂ ಅಳು ಬರುತ್ತಿತ್ತು.

"ಹೀಗೆ ಕೂತ್ಕೊಂಡ್ರೆ ಕಾರ್ಡು ತಾನಾಗೇ ಆಗುತ್ತಾ?" ಎಂದಳು ಹೆಂಡತಿ ಜಾಯ್ಸ್. "ಪಕ್ಕದ್ಮನೆ ಲೊರೇನ್ ಹತ್ರ ಹೋಗಿ ನೋಡ್ಕೊಂಡು ಬಾ. ಅವಳ ನಾಯಿಗೆ ಮಾತ್ರ ಬಿಸ್ಕತ್ತು ಹಾಕ್ಬೇಡ, ಬಿಡೋದೇ ಇಲ್ಲ ಅದು."

ಲೊರೇನಳ ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತ ಸಿಕ್ಕಿಸಿದ ಕಾರ್ಡಿತ್ತು. ಬಂದರಿನ ಜೆಟ್ಟಿಯ ಕಂಬದ ಮೇಲೆ ಒಂದು ಹೆಜ್ಜಾರ್ಲೆ ಹಕ್ಕಿ, ತಲೆಗೆ ಕೆಂಪು ಟೋಪಿ. ಕ್ಲೈವನ ಮುಖ ಅರಳಿತು.

"ಹಕ್ಕಿ ಬೇಕಾದ್ರೆ ತಗೋ ಮಾರಾಯ, ಅಚ್ಚೂ ಕೊಡ್ತೀನಿ. ಆದ್ರೆ ಟೋಪಿ ಮುಟ್ಬೇಡ. ಟೋಪಿ ನನ್ ತಲೆಯಿಂದ ಬಂದಿದ್ದು."

"ಹಕ್ಕಿ ತಲೆ ಮೇಲಿದೆಯಲ್ಲ?"

"ಹಾಸ್ಯ ಆಮೇಲೆ ಮಾಡು. ಈಗ ಬಂದು ಏಣಿ ಹಿಡ್ಕೋ, ಸೂರಿನ ನೀರು ಹೋಗೋ ದೋಣೀಲಿ ಎಲೆ ಕಟ್ಕೊಂಡಿದೆ."

ಒಂದು ಗಂಟೆ ಏಣಿ ಹಿಡಿದು, ತಲೆತುಂಬ ಕೊಳೆತ ಎಲೆ ಹೊತ್ತು, ನಾಯಿಗೆ ಬಿಸ್ಕತ್ತನ್ನೂ ಹಾಕಿ, ಕ್ಲೈವ್ ಅಂಚೆ ಕಚೇರಿಗೆ ಸೈಕಲ್ ತುಳಿದ. ನಾಯಿ ಹಿಂದೆಯೇ ಬಂತು. ಅಂಚೆ ಕಚೇರಿಯ ಗ್ವೆನ್‌ಳೇ ಕ್ಲಬ್ಬಿನ ಅಧ್ಯಕ್ಷೆ. ಕೌಂಟರಿನ ಗಾಜಿನಡಿ ಅವಳ ಕಾರ್ಡಿತ್ತು. ನೀಲಿ ಕಾಗದವನ್ನು ಕೈಯಲ್ಲೇ ಹರಿದು ಪಟ್ಟಿಪಟ್ಟಿಯಾಗಿ ಅಂಟಿಸಿದ ಸಮುದ್ರ, ಅದರಲ್ಲೊಂದು ಹಾಯಿದೋಣಿ.

"ಗಾಜು ಎತ್ತಿ ಸರಿಯಾಗಿ ತೋರ್ಸು ಗ್ವೆನ್."

"ಕೆಲಸದ ಹೊತ್ನಲ್ಲಿ ಗಾಜು ಎತ್ತೋ ಹಾಗಿಲ್ಲ. ಮೇಲಿಂದಾನೇ ನೋಡ್ಕೋ. ನೀರು ತಗೋ, ಬೇಡ ಅನ್ನಲ್ಲ. ದೋಣಿ ನನ್ದು, ಅದಕ್ಕೆ ಕೈ ಹಾಕ್ಬೇಡ. ಮತ್ತೆ ಆ ನಾಯೀನ ಆಚೆ ಕಟ್ಟು."

ಸಾಲಿನಲ್ಲಿ ನಿಂತಿದ್ದವರೆಲ್ಲ ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು. ಕೊನೆಗೆ ಕ್ಲೈವ್ ಕಿವಿ ಮುಚ್ಚಿಕೊಂಡು ಹೊರಬಿದ್ದ. ದಾರಿಯಲ್ಲಿ ಮರಿಮಾಡಿದ ಮ್ಯಾಗ್‌ಪೈ ಹಕ್ಕಿಯೊಂದು ಅವನ ತಲೆಗೆ ಎರಗಿ, ನಾಯಿ ಸೈಕಲ್ಲಿಗೆ ಅಡ್ಡ ಬಂದು, ಮೂವರೂ ಮೀನಂಗಡಿಯ ಮುಂದೆ ಒಂದಾದರು. ಮೊಣಕಾಲು ತರಚಿತು. ಅಚ್ಚು ಜೇಬಿನಲ್ಲಿ ಭದ್ರವಾಗಿತ್ತು.

ಮನೆಗೆ ಬಂದವನೇ ಕೆಲಸಕ್ಕೆ ಕೂತ. ಟೋಪಿಯಿಲ್ಲದ ಹಕ್ಕಿ ಒತ್ತಿದ, ದೋಣಿಯಿಲ್ಲದ ನೀರು ಹರಿದು ಅಂಟಿಸಿದ. ಟೋಪಿ ತೆಗೆದದ್ದು ಒಂದು ಬದಲಾವಣೆ, ದೋಣಿ ತೆಗೆದದ್ದು ಎರಡು. ವಿಚಿತ್ರವೆಂದರೆ ಕೈ ತಾನಾಗಿಯೇ ಓಡುತ್ತಿತ್ತು. ಎಲ್ಲಿ ಏನು ಕೂರಬೇಕೆಂದು ಬೆರಳಿಗೇ ಗೊತ್ತಿತ್ತು.

"ಇದನ್ನ ಎಲ್ಲೋ ನೋಡಿದ ಹಾಗಿದೆಯಲ್ಲೋ," ಎಂದಳು ಜಾಯ್ಸ್.

"ಒಳ್ಳೇದು ಮಾಡಿದಾಗೆಲ್ಲ ನಿಂಗೆ ಎಲ್ಲೋ ನೋಡಿದ ಹಾಗಿರುತ್ತೆ," ಎಂದು ರೇಗಿದ ಕ್ಲೈವ್, ಚಹಾದ ಮಗ್ಗನ್ನು ಕುಕ್ಕಿದ. ಕುಕ್ಕಿದ್ದು ಕಾರ್ಡಿನ ಮೇಲೆ.

ಎತ್ತಿ ನೋಡಿದರೆ ಹಕ್ಕಿಯ ತಲೆಯ ಮೇಲೆ ಕಂದು ಬಣ್ಣದ ಒಂದು ದುಂಡು ಕಲೆ. ಮಗ್ಗಿನ ತಳ ಒಂದು ಕಡೆ ಮುಕ್ಕಾಗಿದ್ದರಿಂದ ದುಂಡಿನ ಅಂಚಿನಲ್ಲಿ ಒಂದು ಚೂರು ಖಾಲಿ. ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು. ಕ್ಲೈವ್ ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಸುತ್ತ ನಾಲ್ಕು ನಕ್ಷತ್ರ ಒತ್ತಿ, ಕಲೆಯನ್ನು ಚಂದ್ರ ಎಂದು ಕರೆದ. ಅದೇ ಮೂರನೆಯ ಬದಲಾವಣೆ! ಇದು ಮಾತ್ರ ಯಾರಿಂದಲೂ ಎತ್ತಿದ್ದಲ್ಲ. ಬೆನ್ನಿಗೆ ಲೊರೇನ್, ಗ್ವೆನ್ ಎಂದು ಬರೆದು, ಚಹಾಕ್ಕೆಂದು ತನ್ನ ಮಗ್ಗನ್ನು ಚೀಲಕ್ಕೆ ಹಾಕಿಕೊಂಡು ಓಡಿದ.

ಸಭೆಯಲ್ಲಿ ಕಾರ್ಡುಗಳು ಕೈಯಿಂದ ಕೈಗೆ ಸಾಗಿದವು. ಕ್ಲೈವನ ಕಾರ್ಡಿಗೆ ಎರಡು "ಓಹೋ" ಬಂದವು. ಮೂರನೆಯದು ಬೆರಿಲಳ ಸರದಿ. ಅವಳು ಎದ್ದು, ಎದುರಿಗಿದ್ದ ತನ್ನ ಮನೆಗೆ ಹೋಗಿ, ಗೋಡೆಯ ಮೇಲಿದ್ದ ಚೌಕಟ್ಟನ್ನೇ ಕಿತ್ತು ತಂದು ಮೇಜಿನ ಮೇಲಿಟ್ಟಳು. ಗಾಜಿನ ಹಿಂದೆ ಕಂಬದ ಮೇಲೊಂದು ಹೆಜ್ಜಾರ್ಲೆ, ಹರಿದ ನೀಲಿ ಕಾಗದದ ನೀರು, ನಾಲ್ಕು ನಕ್ಷತ್ರ, ಕಂದು ಚಂದ್ರ.

"ಎರಡು ವರ್ಷದ ಹಿಂದೆ ನನ್ ಸೊಂಟದ ಆಪರೇಷನ್ ಆದಾಗ ಅಂಚೇಲಿ ಬಂದಿದ್ದು ಇದು," ಎಂದಳು ಬೆರಿಲ್. "ಹೆಸರಿಲ್ಲ. ಈ ಏಪ್ರಿಲಲ್ಲಿ ಚೌಕಟ್ಟು ಹಾಕ್ಸಿ ಗೋಡೆಗೆ ಹಾಕ್ದೆ. ಅಡಿಲೇಡಿನ ಯಾರೋ ದೊಡ್ಡ ಕಲಾವಿದರದ್ದೇ ಇರ್ಬೇಕು. ಚಂದ್ರನ ಅಂಚಲ್ಲಿ ಮೋಡ ಹಾದುಹೋಗಿರೋದು ನೋಡಿ! ಲೊರೇನ್ ಹಕ್ಕಿ ತಗೊಂಡು ಟೋಪಿ ಹಾಕಿದ್ಳು. ಗ್ವೆನ್ ನೀರು ತಗೊಂಡು ದೋಣಿ ತೇಲಿಬಿಟ್ಳು. ಇಬ್ರೂ ಬೆನ್ನಿಗೆ ಬರ್ದಿದಾರೆ, ಬೆರಿಲ್ ಗೋಡೆಯ ಕಾರ್ಡು ಅಂತ. ಈ ಜೆರಾಕ್ಸ್ ಅಂಗಡಿ ಮಾತ್ರ ಒಂದು ಚುಕ್ಕೇನೂ ಬದಲಾಯ್ಸಿಲ್ಲ!"

ಫ್ರಿಜ್ಜಿಗೆ ಅಂಟಿದ ಕಾರ್ಡಿನ ಬೆನ್ನನ್ನೂ ಗಾಜಿನಡಿಯ ಕಾರ್ಡಿನ ಬೆನ್ನನ್ನೂ ಕ್ಲೈವ್ ನೋಡಿರಲಿಲ್ಲ. ಅವನು ಚೌಕಟ್ಟನ್ನೇ ನೋಡುತ್ತ ನಿಂತ. ಮೆಲ್ಲಗೆ ನೆನಪಾಯಿತು. ಎರಡು ವರ್ಷದ ಹಿಂದೆ, ಅಂಚೆ ಗಾಡಿ ಹೊರಡುವ ಹೊತ್ತು, ಅವಸರ, ಇದೇ ಮಗ್ಗು. ಕಲೆಯಾದ ಕಾರ್ಡಿಗೆ ಹೆಸರು ಹಾಕಲು ನಾಚಿಕೆಯಾಗಿ ಹಾಗೆಯೇ ಕಳಿಸಿದ್ದ.

ಚೀಲದಿಂದ ಮಗ್ಗು ತೆಗೆದು ಚೌಕಟ್ಟಿನ ಗಾಜಿನ ಮೇಲಿಟ್ಟು ಮೆಲ್ಲಗೆ ತಿರುಗಿಸಿದ. ಮುಕ್ಕು ಮೋಡಕ್ಕೆ ಸರಿಯಾಗಿ ಕೂತಿತು.

"ಹಾಗಾದ್ರೆ ಅಡಿಲೇಡಿನ ಕಲಾವಿದ..." ಎಂದಳು ಬೆರಿಲ್, ಆಪರೇಷನ್ ಆದ ಸೊಂಟ ಹಿಡಿದು ಕೂರುತ್ತ.

"ನಾನೇ," ಎಂದ ಕ್ಲೈವ್. ಅವನ ಜೀವಮಾನದಲ್ಲಿ ಅಷ್ಟು ಸಂತೋಷದ ಗಳಿಗೆ ಇನ್ನೊಂದಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತಮೇಲೆ ಗ್ವೆನ್ ಕನ್ನಡಕ ಹಾಕಿಕೊಂಡು ನಿಯಮದ ಪುಸ್ತಕ ತೆರೆದಳು. "ಮೂಲ ಕಾರ್ಡು ಯಾರ್ದು?"

"ನನ್ದೇ."

"ಇವತ್ತಿನದ್ರಲ್ಲಿ ಬದಲಾವಣೆ ಎಷ್ಟು?"

"ನನ್ ಕಾರ್ಡು ನಾನೇ ಮಾಡಿದ್ರೆ..."

"ಬೆನ್ನಿಗೆ ನಿನ್ ಹೆಸರು ಬರ್ದಿದೀಯಾ?"

"ನನ್ ಹೆಸರು ನಾನ್ಯಾಕೆ ಬರೀಲಿ!"

"'ಯಾವುದೇ ಕಾರ್ಡು' ಅಂತಿದೆ ಇಲ್ಲಿ. ಸ್ವಂತದ್ದು ಬಿಟ್ಟು ಅಂತಿಲ್ಲ. ಮೂರನೇ ಸಲ, ಕ್ಲೈವ್." ಗ್ವೆನ್‌ಳ ದನಿಯಲ್ಲಿ ನಿಜವಾದ ಬೇಸರವಿತ್ತು. "ಪಟ್ಟೀಲಿ ಐದನೇ ಹೆಸರು ನಿನ್ದು. ಅಲ್ಲೀವರೆಗೂ ಚಹಾದ ಹಂಡೆ ನೋಡ್ಕೋತೀಯಾ? ಅದಕ್ಕೆ ಕುರ್ಚಿ ಬೇಕಾಗಲ್ಲ."

ಕ್ಲೈವ್ ಮಗ್ಗು ಹಿಡಿದು ಹಂಡೆಯ ಬಳಿ ನಿಂತ. ಮೊದಲು ಬಂದವಳು ಬೆರಿಲ್, ಕೈಯಲ್ಲಿ ಒಂದು ಖಾಲಿ ಕಾರ್ಡು.

"ಮಗ್ಗಿನ ತಳಾನ ಸ್ವಲ್ಪ ಗಟ್ಟಿ ಚಹಾದಲ್ಲಿ ಅದ್ದಿ ಒತ್ಕೊಡಪ್ಪ. ಮೋಡ ಎಡಗಡೆಗೆ ಬರ್ಲಿ."

ಅವಳ ಹಿಂದೆ ಉಳಿದ ಹತ್ತು ಮಂದಿಯೂ ಖಾಲಿ ಕಾರ್ಡು ಹಿಡಿದು ಸಾಲುಗಟ್ಟಿದ್ದರು.

"ಬೆನ್ನಿಗೆ ನನ್ ಹೆಸರು ಬರೀತೀರಿ ತಾನೇ?" ಎಂದು ಕೇಳಿದ ಕ್ಲೈವ್.

ಬೆರಿಲ್ ಯೋಚಿಸಿದಳು. "ಒತ್ತೋದು ಮಗ್ಗಲ್ವಾ? ಅದನ್ನ ಎಲ್ಲಿ ಕೊಂಡಿದ್ದು ಹೇಳು, ಅಂಗಡಿ ಹೆಸರು ಬರೀತೀನಿ."