ಕಂಪನಿ ಒಡೆಯಲು ಹೊರಟ ನಮ್ಮ ಕಾಕಾ

ನಮ್ಮ ಕಾಕಾ ಅಮೆರಿಕದ ಒಂದು ದೊಡ್ಡ ಕಂಪನಿಯನ್ನು ಮೂರು ತುಂಡು ಮಾಡಲು ಹೊರಟಿದ್ದಾರೆ. ಅದೂ ಆಳಂದದಲ್ಲಿ ಕುಳಿತು!

ಮೆಸೇಜಿನ ಆ್ಯಪು, ಫೋಟೊದ ಆ್ಯಪು, ಜಗಳದ ಆ್ಯಪು ಮೂರೂ ಒಬ್ಬನೇ ಧಣಿಯ ಕೈಯಲ್ಲಿವೆ ಎಂದು ತಿಳಿದಾಗಿನಿಂದ ಅವರಿಗೆ ನೆಮ್ಮದಿಯಿಲ್ಲ. ಜೇವರ್ಗಿಯಲ್ಲಿ ಬಸುರಿ ಸೋದರ ಸೊಸೆಯ ಸೀಮಂತಕ್ಕೆ, ಅಂದರೆ ಕುಬಸಕ್ಕೆ ಹೋದಾಗ ಊಟದ ಪಂಕ್ತಿಯಲ್ಲೇ ಭಾಷಣ ಶುರುವಾಯಿತು. ಊರಿನ ಕಿರಾಣಿ, ಗಿರಣಿ, ಬಸ್ಸು ಎಲ್ಲ ಒಬ್ಬನದೇ ಆದರೆ ಅವನು ಕೊಟ್ಟಿದ್ದೇ ಹಿಟ್ಟು, ಬಿಟ್ಟಲ್ಲೇ ಸ್ಟ್ಯಾಂಡು ಆಗುವುದಿಲ್ಲವೇ ಎಂದು ಕೇಳಿದರು. ಹೋಳಿಗೆ ಬಡಿಸುವವನು ಕಾದು ಕಾದು ಮುಂದೆ ಹೋದ. "ಮೊದ್ಲ ಊಟಾ ಮಾಡ್ರಿ, ಆಮ್ಯಾಲ ಒಡೀರಿ" ಎಂದರು ಅವರ ಹೆಂಡತಿ, ನಮ್ಮ ಕಾಕು.

ಮುಂದೆ ಕಾಕಾ ಎತ್ತು ಮಾರಲೆಂದು ಅದೇ ಕಂಪನಿಯ ಆ್ಯಪಿನಲ್ಲಿ ಅದರ ಫೋಟೊ ಹಾಕಿದರು. ಅಸಭ್ಯ ಚಿತ್ರವೆಂದು ಕಂಪನಿ ಅದನ್ನು ತೆಗೆದುಹಾಕಿತು. ಕಾಕಾ ಫೋಟೊ ತಿರುಗಿಸಿ ಮುರುಗಿಸಿ ನೋಡಿದರು. ಎತ್ತು ಎಂದಿನಂತೆ ನಿಂತಿತ್ತು. ಅದಕ್ಕೇನು ಚಡ್ಡಿ ಹೊಲಿಸಬೇಕಿತ್ತೇ?

ಅದೇ ವಾರ ಇನ್ನೊಂದು ಫೋಟೊ ಎಲ್ಲರ ಮೊಬೈಲಿಗೂ ಬಂತು. ಹಳೇ ಸೀರೆ ಪಡೆದು ಸ್ಟೀಲ್ ಪಾತ್ರೆ ಕೊಡಲು ನಮ್ಮ ಓಣಿಗೆ ಬರುತ್ತಿದ್ದ ಹೆಣ್ಣುಮಗಳದು. ಕೆಳಗೆ, ಮಕ್ಕಳ ಕಳ್ಳಿ ಎಂದು ಬರೆದಿತ್ತು. ಯಾವುದೋ ಊರಲ್ಲಿ ಜನ ಆಕೆಯನ್ನು ಅಡ್ಡಗಟ್ಟಿ, ಪಾತ್ರೆಗಳನ್ನೆಲ್ಲ ಚೆಲ್ಲಾಡಿ, ಹೊಡೆದೂ ಬಿಟ್ಟರು. ಕಾಕಾ ಕಂಪನಿಗೆ ದೂರು ಕೊಟ್ಟರು. ಫೋಟೊ ನಮ್ಮ ನಿಯಮ ಮೀರಿಲ್ಲ, ಬರೆದದ್ದಕ್ಕೆ ಧನ್ಯವಾದ ಎಂಬ ಉತ್ತರ ಬಂತು. ಎಂಥ ಸಂಸ್ಕಾರವಂತರು! ಎತ್ತು ಅಸಭ್ಯ, ಸುಳ್ಳು ಸಭ್ಯ.

ಕಾಕಾ ತಹಶೀಲ್ದಾರರ ಬಳಿ ಹೋದರು. ಆ ಕಂಪನಿ ನಮ್ಮ ಸರಹದ್ದಿನಲ್ಲಿ ಬರುವುದಿಲ್ಲ ಎಂದರು ಸಾಹೇಬರು.

"ಸುಳ್ಳಿಗಿ ನಮ್ಮ ತಾಲೂಕಿನ ದಾರಿ ಗೊತ್ತದ," ಎಂದರು ಕಾಕಾ, "ಕಾಯ್ದಾಕ್ಕ ಗೊತ್ತಿಲ್ಲೇನ್ರಿ?"

ಕಚೇರಿಯೆಲ್ಲ ನಕ್ಕಿತು. ಜೊತೆಗೆ ಹೋಗಿದ್ದ ನಾವೂ ನಕ್ಕೆವು.

ಕೆಲ ದಿನ ಕಾಕಾ ಕಾಣಲಿಲ್ಲ. ಆಕೆಯ ಊರು ಹುಡುಕಿಕೊಂಡು ಹೋಗಿದ್ದರಂತೆ. ಒಂದು ಬೆಳಿಗ್ಗೆ ನಮ್ಮ ಓಣಿಯಲ್ಲೇ ಪ್ರತ್ಯಕ್ಷರಾದರು, ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು. ಹಿಂದೆ ಆಕೆ ಸೆರಗು ಬಿಗಿಹಿಡಿದು, ನೆಲ ನೋಡುತ್ತ ಬರುತ್ತಿದ್ದಳು. ಒಂದೊಂದು ಬಾಗಿಲಿಗೂ ನಿಂತು ಕಾಕಾ ಹೇಳುತ್ತಿದ್ದರು: "ಈಕಿ ನನ್ನ ತಂಗಿ ಅದಾಳ್ರಿ. ಒಂದ್ಸಲ ಆಕಿ ಮಾರಿ ನೋಡಿ ಮಾತಾಡ್ಸ್ರಿ."

ಯಾರೂ ಬಾಗಿಲು ತೆರೆಯಲಿಲ್ಲ. ಆಗ ಕಾಕು ಹೊರಗೆ ಬಂದರು. ಮಡಿಕೆಯೂ ಬಿಚ್ಚದ ಇಳಕಲ್ ಸೀರೆ ಆಕೆಯ ಕೈಗಿಟ್ಟು, ಬುಟ್ಟಿಯಿಂದ ಒಂದು ಸಣ್ಣ ಚಮಚ ಆರಿಸಿಕೊಂಡರು.

"ಇಷ್ಟ ಸಾಕವ್ವ," ಎಂದರು. "ಒಳಗ ಬಾ, ಚಾ ಕುಡದು ಹೋಗು."